ಕಾರಿನೊಳಗೆ ಮಳೆನೀರು: ಗಮ್ ಮೆತ್ತುವ ಮೊದಲು ದಾರಿ ಹುಡುಕಿ

ಮಳೆ ಶುರುವಾದರೆ ಸಾಕು, ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ಗಳಲ್ಲಿ ಯಾರಾದರೂ ಒಬ್ಬರು ಕಾರಿನ ಮ್ಯಾಟ್ ಹಿಂಡುತ್ತಾ ನಿಂತಿರುತ್ತಾರೆ. ಮರುದಿನ ಅದೇ ಕಾರಿನ ಮುಂದಿನ ಗಾಜಿನ ಸುತ್ತ ಸಿಲಿಕಾನ್ ಮೆತ್ತಿರುತ್ತಾರೆ. ಮುಂದಿನ ಮಳೆಗೆ ಮ್ಯಾಟ್ ಮತ್ತೆ ಒದ್ದೆ. ನೀರು ನಿಂತ ಜಾಗದಲ್ಲೇ ನೀರು ನುಗ್ಗಿದೆ ಅಂದುಕೊಳ್ಳುವುದರಿಂದ ಹೀಗಾಗುತ್ತದೆ. ಚಾವಣಿಯಲ್ಲಿ ನುಸುಳಿದ ನೀರು ಗಾಜಿನ ಪಕ್ಕದ ಕಂಬದೊಳಗೆ ಇಳಿಯುತ್ತದೆ, ಕಾರ್ಪೆಟ್ ಅಡಿಯಲ್ಲಿ ಹರಿಯುತ್ತದೆ, ತಗ್ಗು ಸಿಕ್ಕಲ್ಲಿ ನಿಲ್ಲುತ್ತದೆ. ಕಾರು ಇಳಿಜಾರಿನಲ್ಲಿ ನಿಂತಿದ್ದರೆ ಮುಂದೆ ಬಂದ ನೀರು ಹಿಂದಿನ ಸೀಟಿನ ಕಾಲಬುಡದಲ್ಲಿ ಸಿಗುತ್ತದೆ. ಹಾಗಾಗಿ ದಾರಿ ಗೊತ್ತಾಗುವವರೆಗೆ ಗಮ್ ಟ್ಯೂಬ್ ಮುಟ್ಟಬೇಡಿ.

1. ಅದು ಮಳೆನೀರೇನಾ ನೋಡಿ

ಬಿಸಿಲಿನ ದಿನ ಎ.ಸಿ. ಹಾಕಿ ಓಡಿಸಿದ ಮೇಲೂ ಎಡಗಡೆ ಮುಂದಿನ ಸೀಟಿನ ಕಾಲಬುಡ ಒದ್ದೆಯಾದರೆ, ಎ.ಸಿ. ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿರಬಹುದು. ನೀರು ಅಂಟಂಟಾಗಿ, ಬಣ್ಣವಿದ್ದು, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಆಗ ನೇರ ಗ್ಯಾರೇಜಿಗೆ ಹೋಗಿ. ರಸ್ತೆಯಲ್ಲಿ ನಿಂತ ನೀರಿಗೆ ಕಾರು ಇಳಿದಿದ್ದರೆ ನೆಲದಲ್ಲಿರುವ ರಬ್ಬರ್ ಮುಚ್ಚಳಗಳನ್ನು ನೋಡಬೇಕು. ಅದು ಬೇರೆಯೇ ಕೆಲಸ.

2. ಖಾಲಿ ಮಾಡಿ, ಒಣಗಿಸಿ

ಮ್ಯಾಟ್ ತೆಗೆಯಿರಿ, ಡಿಕ್ಕಿಯಿಂದ ಸ್ಟೆಪ್ನಿ ಎತ್ತಿ, ಅದರ ಗುಂಡಿ ಒರೆಸಿ. ಒದ್ದೆ ಕಾರಿನಲ್ಲಿ ಹೊಸ ನೀರು ಎಲ್ಲಿಂದ ಬಂತು ಅಂತ ಹುಡುಕಲು ಆಗುವುದಿಲ್ಲ.

3. ಕಸ ತೆಗೆಯಿರಿ

ನಮ್ಮ ಊರಿನಲ್ಲಿ ಇದನ್ನು ಬಿಡುವ ಹಾಗೇ ಇಲ್ಲ. ಗುಲ್‌ಮೊಹರ್, ಮಳೆಮರದಂಥ ಮರಗಳ ಸಣ್ಣ ಎಲೆಗಳು ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯ ಸಂದಿಯಲ್ಲಿ ಇಳಿದು, ಒಳಗೆ ಕೊಳೆತು ಕೆಸರಾಗುತ್ತವೆ. ನೀರು ಹೋಗುವ ತೂತು ಮುಚ್ಚಿಕೊಳ್ಳುತ್ತದೆ. ಎ.ಸಿ. ಬ್ಲೋವರ್ ಗಾಳಿ ಎಳೆಯುವುದೂ ಸಾಮಾನ್ಯವಾಗಿ ಅಲ್ಲಿಂದಲೇ. ನೀರು ತುಂಬಿದರೆ ಆ ದಾರಿಯಲ್ಲೇ ಒಳಗೆ ಸುರಿಯುತ್ತದೆ. ಬಾನೆಟ್ ತೆರೆದು ಎರಡೂ ಮೂಲೆಗೆ ಕೈ ಹಾಕಿ ಕಸ ತೆಗೆಯಿರಿ. ಪೈಪಿನಲ್ಲಿ ನೀರು ಬಿಟ್ಟು ತಳ್ಳಿದರೆ ಕಸ ಇನ್ನೂ ಆಳಕ್ಕೆ ಇಳಿಯುತ್ತದೆ ಅಷ್ಟೇ.

ಬಾಗಿಲ ಅಡಿಯಂಚಿನ ಸಣ್ಣ ತೂತುಗಳನ್ನೂ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ. ಸನ್‌ರೂಫ್ ಇದ್ದರೆ ಅದನ್ನು ತೆರೆದು ಚೌಕಟ್ಟಿನ ಮೂಲೆಗಳನ್ನು ನೋಡಿ. ನೀರು ಇಳಿದುಹೋಗುವ ತೂತುಗಳು ಅಲ್ಲಿರುತ್ತವೆ. ಸನ್‌ರೂಫ್ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ. ಒಳಬಂದ ನೀರನ್ನು ಈ ತೂತುಗಳಿಗೆ ಜೋಡಿಸಿದ ಕೊಳವೆಗಳು ಹೊರಗೆ ಬಿಡಬೇಕು. ಒಂದೊಂದಕ್ಕೂ ಅರ್ಧ ಲೋಟ ನೀರನ್ನು ನಿಧಾನವಾಗಿ ಹಾಕಿ, ಕಾರಿನ ಕೆಳಗೆ ಬರುತ್ತದಾ ನೋಡಿ. ಬರದಿದ್ದರೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ತೂರಿಸಿ. ಟಯರ್ ಅಂಗಡಿಯ ಏರ್ ಗನ್ ಬೇಡವೇ ಬೇಡ. ಆ ಒತ್ತಡಕ್ಕೆ ಒಳಗೆ ಕೊಳವೆಯ ಜೋಡಣೆ ಕಳಚಿಕೊಂಡರೆ ಚಾವಣಿಯ ಬಟ್ಟೆ ಪೂರ್ತಿ ಇಳಿಸಬೇಕಾಗುತ್ತದೆ.

4. ನೀರು ಬಿಟ್ಟು ನೋಡುವುದು

ಎಲ್ಲರೂ ಕೆಡಿಸುವುದು ಇಲ್ಲೇ. ವಾಟರ್ ವಾಷ್‌ಗೆ ಕರೆದೊಯ್ದು, ಪ್ರೆಷರ್ ಗನ್ನಿನಲ್ಲಿ ಇಡೀ ಕಾರಿಗೆ ನೀರು ಹೊಡೆಸಿ, ಒಳಗೆ ಒದ್ದೆಯಾಯಿತು ಅಂತ ವಾಪಸ್ ಬರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಒಳ್ಳೆಯ ರಬ್ಬರನ್ನೂ ಆ ಒತ್ತಡ ದಾಟುತ್ತದೆ.

ಇಬ್ಬರು ಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಬಾಗಿಲು ಹಾಕಿರಬೇಕು, ಬ್ಲೋವರ್ ಆಫ್ ಆಗಿರಬೇಕು. ಹೊರಗಿನವರು ನಳಿಕೆ ತೆಗೆದ ಬರೀ ಪೈಪಿನಿಂದ ಸಣ್ಣಗೆ ನೀರು ಬಿಡಬೇಕು. ಕುಡಿಯುವ ನೀರು ಬಳಸಬೇಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ದಂಡದ ಮಾತು ಬಿಡಿ, ಈ ಊರಿನಲ್ಲಿ ಆ ನೀರನ್ನು ಹೀಗೆ ಚೆಲ್ಲಬಾರದು. ಹಿಡಿದಿಟ್ಟ ಮಳೆನೀರು ಸಾಕು.

ಕೆಳಗಿನಿಂದ ಮೇಲಕ್ಕೆ ಹೋಗಿ. ಚಾವಣಿಗೆ ಮೊದಲು ನೀರು ಬಿಟ್ಟರೆ ಅದು ಎಲ್ಲ ಕಡೆಯೂ ಹರಿಯುತ್ತದೆ, ಯಾವ ಸಂದಿಯಲ್ಲಿ ನುಗ್ಗಿತು ಅಂತ ಹೇಳಲು ಆಗುವುದಿಲ್ಲ. ಮೊದಲು ಬಾಗಿಲ ಕೆಳಭಾಗ, ಆಮೇಲೆ ಕಿಟಕಿ ಗಾಜಿನ ಬುಡ, ವೈಪರ್ ಜಾಲರಿ, ಮುಂದಿನ ಗಾಜಿನ ಎರಡು ಪಕ್ಕ, ಅದರ ಮೇಲಂಚು, ಕೊನೆಗೆ ಚಾವಣಿ ಮತ್ತು ಆಂಟೆನಾ ಬುಡ. ಒಂದೊಂದು ಜಾಗದಲ್ಲೂ ಐದು ನಿಮಿಷವಾದರೂ ಇರಿ. ನೀರು ಒಳಗಿನ ಸಂದುಗಳನ್ನು ದಾಟಿ ಕಾಣಿಸಿಕೊಳ್ಳಲು ಹೊತ್ತು ಬೇಕು. ಅವಸರದಲ್ಲಿ ಮುಂದೆ ಹೋದರೆ ಹಿಂದಿನ ಜಾಗದ ತಪ್ಪನ್ನು ಮುಂದಿನದರ ಮೇಲೆ ಹೊರಿಸುತ್ತೀರಿ.

ಒಳಗಿರುವವರು ನೆಲವನ್ನೇ ನೋಡುತ್ತಾ ಕೂರಬಾರದು. ಕಾರ್ಪೆಟ್ ಅಂಚು ಎತ್ತಿ, ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಬಿಡಿ. ಕಂಬದ ಪ್ಲಾಸ್ಟಿಕ್ ಬಿಚ್ಚಿದರೆ ಇನ್ನೂ ಒಳ್ಳೆಯದು. ಆದರೆ ಅದರ ಮೇಲೆ 'ಏರ್‌ಬ್ಯಾಗ್' ಅಂತ ಬರೆದಿದ್ದರೆ ಗ್ಯಾರೇಜಿನವರೇ ಬಿಚ್ಚಲಿ. ಅನುಮಾನದ ಜಾಗಕ್ಕೆ ಟಾಲ್ಕಂ ಪೌಡರ್ ತೆಳುವಾಗಿ ಹಚ್ಚಿಡಿ. ಹನಿ ಇಳಿದ ದಾರಿ ಅದರ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆ ಹಿಡಿದು ಮೇಲಕ್ಕೆ ಹೋಗಿ, ಶುರುವಾದ ಜಾಗ ಸಿಗುವವರೆಗೆ ನಿಲ್ಲಿಸಬೇಡಿ.

ಡಿಕ್ಕಿಗೂ ಇದೇ ಕ್ರಮ. ಹಿಂದಿನ ಸೀಟು ಮಡಚಿ, ಒಬ್ಬರು ಕಾರಿನೊಳಗಿಂದಲೇ ಟಾರ್ಚ್ ಬಿಟ್ಟು ನೋಡಲಿ. ಮೊದಲು ಟೇಲ್ ಲ್ಯಾಂಪ್‌ಗೆ ನೀರು ಬಿಡಿ. ಸಾಮಾನ್ಯವಾಗಿ ತಪ್ಪಿರುವುದು ಅದರ ಹಿಂದಿನ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ನೀರು ತಡೆಯುವ ಮೆತ್ತೆ. ಪಾಪ, ಜನ ಬದಲಿಸುವುದು ಡಿಕ್ಕಿ ಅಂಚಿನ ರಬ್ಬರ್ ಪಟ್ಟಿಯನ್ನು, ಅಂದರೆ ಬೀಡಿಂಗನ್ನು.

5. ಸರಿಮಾಡುವುದು

ಟೇಲ್ ಲ್ಯಾಂಪ್, ಆಂಟೆನಾ ಎರಡಕ್ಕೂ ಹೊಸ ಗ್ಯಾಸ್ಕೆಟ್ ಹಾಕಿ. ಬೀಡಿಂಗ್ ಹರಿದಿದ್ದರೆ ನಿಮ್ಮ ಮಾಡೆಲ್‌ದೇ ತನ್ನಿ. ಕಾರಿನ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಬೀಡಿಂಗ್ ಎಲ್ಲ ಕಾರಿಗೂ ಆಗುತ್ತದೆ ಅಂದರೆ ನಂಬಬೇಡಿ. ದಪ್ಪದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಬಾಗಿಲು ಕೂರುವುದಿಲ್ಲ.

ಬಾಗಿಲಿನ ವಿಷಯ ಸ್ವಲ್ಪ ಬೇರೆ. ಗಾಜಿನ ಸಂದಿಯಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ. ಅದು ಅಡಿಯ ತೂತಿನಿಂದ ಹೊರಹೋಗುತ್ತದೆ. ಕ್ಯಾಬಿನ್ನಿಗೆ ಬರದಂತೆ ತಡೆಯುವುದು ಬಾಗಿಲ ಒಳಬದಿಯ ಹೊದಿಕೆಯ (ಟ್ರಿಮ್) ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ. ಸ್ಪೀಕರ್ ಹಾಕಿದವರು, ಪವರ್ ವಿಂಡೋ ರಿಪೇರಿ ಮಾಡಿದವರು ಅದನ್ನು ಹರಿದು ಹಾಗೇ ಬಿಟ್ಟಿರುತ್ತಾರೆ. ಬ್ಯುಟೈಲ್ ಟೇಪ್ (ಮೆತ್ತಗಿನ, ಅಂಟುವ ರಬ್ಬರ್ ಪಟ್ಟಿ) ತಂದು ಸುತ್ತಲೂ ಒತ್ತಿ ಅಂಟಿಸಿ. ಸೆಲ್ಲೋ ಟೇಪ್ ಒಂದು ಮಳೆಗೂ ನಿಲ್ಲುವುದಿಲ್ಲ.

ಮುಂದಿನ ಗಾಜಿನ ಅಂಚು ಸೋರಿದರೆ ಗಾಜು ತೆಗೆದು ಪಾಲಿಯುರಿಥೇನ್ ಅಂಟಿನಲ್ಲಿ ಮತ್ತೆ ಕೂರಿಸಬೇಕು. ಇದನ್ನು ಗಾಜಿನ ಕೆಲಸ ಬಲ್ಲವರೇ ಮಾಡಲಿ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕಾನ್ ಮಾತ್ರ ಬೇಡ. ಅದು ತಗಡಿಗೆ ತುಕ್ಕು ತರುತ್ತದೆ. ಅದರ ಅಂಶ ಉಳಿದ ಕಡೆ ಮುಂದೆ ಸರಿಯಾದ ಅಂಟೂ ಹಿಡಿಯುವುದಿಲ್ಲ.

6. ಕಾರ್ಪೆಟ್ ಅಡಿ

ಮೇಲೆ ಮುಟ್ಟಿದರೆ ಒಣಗಿರುತ್ತದೆ, ಕೆಳಗಿನ ಸ್ಪಾಂಜ್ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಮುಗ್ಗಲು ವಾಸನೆ ಬರುವುದು ಅಲ್ಲಿಂದ. ಪರ್ಫ್ಯೂಮ್ ಡಬ್ಬಿಗೆ ದುಡ್ಡು ಹಾಕಬೇಡಿ. ಕಾರ್ಪೆಟ್ ಎತ್ತಿ, ಅಡಿಗೆ ಮರದ ತುಂಡು ಇಟ್ಟು, ಟೇಬಲ್ ಫ್ಯಾನ್ ಬಿಡಿ. ಸೀಟಿನ ಅಡಿಯ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಮುಟ್ಟಬೇಡಿ. ಸೀಟು ಬಿಚ್ಚಲೇಬೇಕಾದರೆ ಗ್ಯಾರೇಜಿನಲ್ಲಿ ಬಿಚ್ಚಿಸಿ. ಒಂದು ಜೋರು ಮಳೆ ಹೊಡೆಯುವವರೆಗೆ ಆ ಕಡೆಯ ಕಾರ್ಪೆಟ್ ಎತ್ತಿಯೇ ಇರಲಿ. ಮಳೆ ನಿಂತ ಮೇಲೆ ತಗಡಿನ ಮೇಲೆ ಕೈ ಆಡಿಸಿ ನೋಡಿ. ಒಣಗಿದ್ದರೆ ಹಾಸಿ. ಒದ್ದೆಯಿದ್ದರೆ ಪೌಡರ್ ಹಚ್ಚಿ ಮತ್ತೆ ಬಾಗಿಲ ಕೆಳಭಾಗದಿಂದ ಶುರುಮಾಡಿ. ಎರಡು ಕಡೆ ಸೋರುವ ಕಾರುಗಳೂ ಇವೆ.