ಓಮರ್ ಎಣಿಕೆ: ಮೂರನೇ ತರಗತಿಗೆ 49 ಚೌಕಗಳ ಪಟ್ಟಿ

ಯಹೂದಿ ಪ್ರಾಥಮಿಕ ಶಾಲೆಯಲ್ಲಿ ಪಾಸೋವರ್ ಹಬ್ಬದ ರಜೆ ಮುಗಿದ ಮೇಲೆ ಏಳರ ಮಗ್ಗಿ ಕಲಿಸಲು ಓಮರ್ ಎಣಿಕೆಗಿಂತ ಒಳ್ಳೆಯ ನೆಪ ಇಲ್ಲ. ಪಾಸೋವರಿನ ಎರಡನೇ ರಾತ್ರಿಯಿಂದ ಶಾವುಓಟ್ (ವಾರಗಳ ಹಬ್ಬ) ತನಕ ಏಳು ಪೂರ್ಣ ವಾರ, ಅಂದರೆ 49 ದಿನ, ಎಣಿಸಬೇಕೆಂದು ಯಾಜಕಕಾಂಡ 23:15 ಹೇಳುತ್ತದೆ.

ದಪ್ಪ ಹಾಳೆಯಲ್ಲಿ 7 ಸಾಲು, 7 ಕಂಬ ಗೆರೆ ಹಾಕಿ. ಮಕ್ಕಳು ಶಾಲೆಗೆ ಮರಳುವ ಹೊತ್ತಿಗೆ ಮೊದಲ ಸಾಲು ಹೆಚ್ಚುಕಡಿಮೆ ಕಳೆದಿರುತ್ತದೆ. ಆ ಚೌಕಗಳನ್ನು ಮೊದಲೇ ತುಂಬಿಡಿ. ಎಣಿಕೆಯಲ್ಲಿ ದಿನ, ವಾರ ಎರಡನ್ನೂ ಹೇಳುವುದರಿಂದ ಶೇಷವುಳ್ಳ ಭಾಗಾಕಾರ ತಾನಾಗಿಯೇ ಬರುತ್ತದೆ: ಲಾಗ್ ಬಾಓಮರ್ ಎಂಬ ಹಬ್ಬ 33ನೇ ದಿನ, ಅಂದರೆ 4 ವಾರ 5 ದಿನ. ದಶಮಾಂಶಕ್ಕೂ ದಾರಿಯುಂಟು. ಓಮರ್ ಎಂದರೆ ಎಫಾ ಎಂಬ ಹಳೆಯ ಧಾನ್ಯದ ಅಳತೆಯ ಹತ್ತನೇ ಒಂದು ಪಾಲು (ವಿಮೋಚನಕಾಂಡ 16:36). ಡಬ್ಬಿಯಲ್ಲಿ ಬಾರ್ಲಿ ಅಳೆಸಿ ತೋರಿಸಿ.

ಎಡವಟ್ಟಾಗುವುದು ದಿನದ ಲೆಕ್ಕದಲ್ಲಿ. ಯಹೂದಿ ದಿನ ಸಂಜೆಗೇ ಶುರು. ಸೋಮವಾರ ರಾತ್ರಿ ಮನೆಯಲ್ಲಿ 12 ಎಣಿಸಿದ್ದರೆ ಮಂಗಳವಾರ ಬೆಳಿಗ್ಗೆ ತರಗತಿಯಲ್ಲೂ 12ಕ್ಕೇ ಅಂಟುಚೀಟಿ, 13ಕ್ಕಲ್ಲ. ಸಂಜೆ ತರಗತಿಯಿದ್ದರೆ ಇನ್ನೂ ಎಚ್ಚರ: ಕತ್ತಲಾದ ಮೇಲೆ ಯಾರಾದರೂ ‘ಇವತ್ತು ಎಷ್ಟು?’ ಎಂದರೆ, ಇನ್ನೂ ಎಣಿಸದವರು ‘ನಿನ್ನೆ ಇಷ್ಟಿತ್ತು’ ಎನ್ನುವುದು ರೂಢಿ; ಇವತ್ತಿನ ಸಂಖ್ಯೆ ಹೇಳಿದರೆ ಅದೇ ಎಣಿಕೆಯಾಗಿಬಿಡಬಹುದು.

ಶಬ್ಬತ್‌ನ (ಶನಿವಾರದ ವಿಶ್ರಾಂತಿ ದಿನದ) ಚೌಕವನ್ನು ಶಾಲೆ ತೆರೆದ ದಿನ ತುಂಬಿಸಿ. ಒಂದು ದಿನ ಪೂರ್ತಿ ಮರೆತವರು ಮುಂದೆ, ಎಣಿಕೆಗೆ ಮೊದಲು ಹೇಳುವ ಆಶೀರ್ವಚನವಿಲ್ಲದೆ ಎಣಿಸುತ್ತಾರೆ. ಹಾಗಾಗಿ ತಪ್ಪಿಸಿಕೊಂಡ ಮಗುವಿನ ಅಂಕ ಕಳೆಯಬೇಡಿ.