ಮಾಲೆಯಲ್ಲಿ ಲೀಗ್ ಮ್ಯಾಚ್ ನೋಡಬೇಕಾ? ಮೊದಲು ನಮಾಜಿನ ಹೊತ್ತು ನೋಡಿಕೊಳ್ಳಿ

ನಮ್ಮೂರು ಶಿರಸಿ ಹತ್ತಿರ. 2017ರಿಂದ ಆರು ವರ್ಷ ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಈಗಲೂ ಮಾಲ್ಡೀವ್ಸಿಗೆ ಹೊರಟವರು ಫೋನ್ ಮಾಡಿ ಯಾವ ರೆಸಾರ್ಟ್ ಚೆನ್ನಾಗಿದೆ ಎಂದು ಕೇಳುತ್ತಾರೆ. ಮೇಷ್ಟ್ರ ಸಂಬಳದಲ್ಲಿ ನಾನು ಯಾವ ರೆಸಾರ್ಟ್ ನೋಡಿರುತ್ತೇನೆ ಹೇಳಿ? ನಾನು ನೋಡಿದ್ದು ಫುಟ್‌ಬಾಲ್. ಹಾಗಾಗಿ ಅದನ್ನೇ ಹೇಳುತ್ತೇನೆ. ಒಂದು ರಾತ್ರಿ ಮಾಲೆಯಲ್ಲಿ ಉಳಿದು ದಿವೇಹಿ ಪ್ರೀಮಿಯರ್ ಲೀಗಿನ, ಅಂದರೆ ಆ ದೇಶದ ದೊಡ್ಡ ಫುಟ್‌ಬಾಲ್ ಲೀಗಿನ, ಒಂದು ಮ್ಯಾಚ್ ನೋಡಿ ಬನ್ನಿ. ಹೇಗೆ ಅಂತೀರಾ, ಕೇಳಿ.

ಟಿಕೆಟ್ ಬುಕ್ ಮಾಡುವ ಮೊದಲು ಲೀಗ್ ನಡೆಯುತ್ತಿದೆಯೋ ಇಲ್ಲವೋ ವಿಚಾರಿಸಿ. ತಮಾಷೆ ಅಲ್ಲ. ಯುರೋಪಿನ ಲೀಗುಗಳಂತೆ ಆಗಸ್ಟ್ ಬಂತು, ಶುರುವಾಯಿತು ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಸೀಸನ್ನುಗಳ ಹೆಸರು ನೋಡಿದರೇ ಗೊತ್ತಾಗುತ್ತದೆ: 2018, ಆಮೇಲೆ 2019-20, 2020-21, ಮತ್ತೆ 2022, 2023. ತಿಂಗಳುಗಳು ಹಿಂದೆ ಮುಂದೆ ಜರುಗುತ್ತಲೇ ಇರುತ್ತವೆ. 2024ರಲ್ಲಂತೂ ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಆಡಳಿತವನ್ನು ಫಿಫಾ ತಾತ್ಕಾಲಿಕ ಸಮಿತಿಯೊಂದರ ಕೈಗೆ ಕೊಟ್ಟಿತು. ನೀವು ಉಳಿಯುವ ಗೆಸ್ಟ್ ಹೌಸಿಗೆ ಒಂದು ಮೆಸೇಜ್ ಹಾಕಿ ಕೇಳಿ. ಅಲ್ಲಿ ಫುಟ್‌ಬಾಲ್ ಗೊತ್ತಿಲ್ಲದ ಗಂಡಸನ್ನು ನಾನಂತೂ ನೋಡಿಲ್ಲ.

ಯಾವ ಸ್ಟೇಡಿಯಂ ಎಂದು ತಲೆಕೆಡಿಸಿಕೊಳ್ಳಬೇಡಿ. ಹೆಚ್ಚುಕಮ್ಮಿ ಎಲ್ಲ ಮ್ಯಾಚೂ ಒಂದೇ ಕಡೆ, ಗಲೊಳು ಬಡಾವಣೆಯ ನ್ಯಾಷನಲ್ ಸ್ಟೇಡಿಯಮ್ಮಿನಲ್ಲಿ. ಹೋಮ್, ಅವೇ ಎಲ್ಲ ಕಾಗದದ ಮೇಲೆ ಮಾತ್ರ. ಎರಡೂ ತಂಡದವರು ಅದೇ ಬೀದಿಯಲ್ಲಿ ನಡೆದು ಬರುತ್ತಾರೆ, ಅದೇ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಜನ ಇದನ್ನು ರಸ್ಮೀ ದಂಡು ಅನ್ನುತ್ತಾರೆ. ಮೊದಲ ವಾರ ನನಗೆ ನಗು ಬಂದಿತ್ತು. ನಮಗೆ ದಂಡು ಎಂದರೆ ಸೈನ್ಯ, ಬೆಂಗಳೂರಿನವರಿಗೆ ಕಂಟೋನ್ಮೆಂಟ್. ಅವರಿಗೆ ದಂಡು ಎಂದರೆ ಬಯಲು, ಆಟದ್ದೂ ಆಗಬಹುದು, ಬೆಳೆಯದ್ದೂ ಆಗಬಹುದು. ಗೋಲಿಗೆ ಲಂಡು. ಹಿಂದಿ ಬಲ್ಲವರು ನಗಬೇಡಿ, ಪಕ್ಕದಲ್ಲಿ ಕೂತ ಅಜ್ಜ ಕೂಗುವುದು ಅದನ್ನೇ.

ವಿಮಾನ ನಿಲ್ದಾಣ ಬೇರೆ ದ್ವೀಪದಲ್ಲಿದೆ. ನಾನು ಹೋದ ಹೊಸದರಲ್ಲಿ ಮಾಲೆಗೆ ದೋಣಿಯೇ ಗತಿ. 2018ರ ಆಗಸ್ಟ್‌ನಲ್ಲಿ ಸೇತುವೆ ಆಯಿತು, ಈಗ ಬಸ್ಸೋ ಟ್ಯಾಕ್ಸಿಯೋ ಹಿಡಿದರೆ ಸಾಕು. ಪಕ್ಕದ ದ್ವೀಪ ಹುಳುಮಾಲೆಯಲ್ಲಿ ರೂಮ್ ಮಾಡಿದ್ದರೂ ಅದೇ ದಾರಿ. ಮಾಲೆ ಒಳಗೆ ಟ್ಯಾಕ್ಸಿ ಹತ್ತಬೇಡಿ, ಸುಮ್ನೆ ದುಡ್ಡು ದಂಡ. ಇಡೀ ಊರು ಎರಡು ಚದರ ಕಿಲೋಮೀಟರ್ ಆಸುಪಾಸು. ಮಜೀದೀ ಮಗು ಎಂಬ ದೊಡ್ಡ ರಸ್ತೆ ಹಿಡಿದು ನಡೆಯಿರಿ, ಫ್ಲಡ್‌ಲೈಟ್ ಕಾಣುತ್ತದೆ. ಮಗು ಎಂದರೆ ಬೀದಿ. ಬೈಕುಗಳ ಬಗ್ಗೆ ಮಾತ್ರ ಹುಷಾರು, ಫುಟ್‌ಪಾತ್ ಕೂಡ ಅವುಗಳದ್ದೇ.

ಇನ್ನು ಹೊತ್ತು. ನಾನು ಎಡವಿದ್ದು ಇಲ್ಲೇ. ಸಾಮಾನ್ಯವಾಗಿ ಒಂದು ಮ್ಯಾಚ್ ಇಳಿಹೊತ್ತಿನ ಅಸರ್ ನಮಾಜ್ ಆದಮೇಲೆ, ಇನ್ನೊಂದು ರಾತ್ರಿಯ ಇಶಾ ನಮಾಜ್ ಆದಮೇಲೆ. ಸೂರ್ಯ ವರ್ಷವಿಡೀ ಆರು ಗಂಟೆಯ ಆಚೀಚೆಯೇ ಮುಳುಗುತ್ತಾನೆ, ಸಮಭಾಜಕ ವೃತ್ತ ಅಷ್ಟು ಹತ್ತಿರ. ಮೊದಲ ಸಲ ನಾನು ನಮ್ಮೂರ ವಾಲಿಬಾಲ್ ಟೂರ್ನಮೆಂಟಿನ ಲೆಕ್ಕದಲ್ಲಿ ಆರೂಕಾಲಿಗೆ ಹೋಗಿ ನಿಂತೆ. ಮೊದಲ ಆಟ ಮುಗಿದಿತ್ತು. ಎರಡನೆಯದಕ್ಕೆ ಇನ್ನೂ ಎರಡು ತಾಸು. ಚಹಾ ಕುಡಿಯೋಣ ಎಂದರೆ ಅಂಗಡಿಯವನು ನಮಾಜಿಗೆ ಹೋಗಿ ಬಾಗಿಲು ಅರ್ಧ ಎಳೆದಿದ್ದ. ಹಾಗಾಗಿ ಮ್ಯಾಚಿನ ಟೈಮ್ ಜೊತೆ ಆ ದಿನದ ನಮಾಜಿನ ಟೈಮೂ ನೋಡಿಕೊಳ್ಳಿ. ಹೊಸಬರಿಗೆ ರಾತ್ರಿ ಮ್ಯಾಚೇ ವಾಸಿ. ಬಿಸಿಲಿರುವುದಿಲ್ಲ, ಜನ ಊಟದ ಮೂಡಿನಲ್ಲಿ ಸಡಿಲಾಗಿ ಬಂದಿರುತ್ತಾರೆ.

ಮೇನಿಂದ ಅಕ್ಟೋಬರ್‌ವರೆಗೆ ಹೋಗುವವರು ಚಾವಣಿ ಇರುವ ಕಡೆಯೇ ಸೀಟು ಹಿಡಿಯಿರಿ. ನಮ್ಮ ಮುಂಗಾರೇ ಅಲ್ಲಿಯೂ. ಹುಳಂಗು ಅನ್ನುತ್ತಾರೆ. ಮಲೆನಾಡಿನ ಮಳೆ ಒಂದು ಸಲ ಹಿಡಿದರೆ ಬಿಡುವುದಿಲ್ಲ, ಅದಕ್ಕೆ ನಾವು ಸಿದ್ಧವಾಗಿರುತ್ತೇವೆ. ಅಲ್ಲಿನದು ಸಮುದ್ರದ ಮೇಲಿಂದ ಹೇಳದೆ ಕೇಳದೆ ಬಂದು, ಹತ್ತು ನಿಮಿಷ ಚಚ್ಚಿ ಹೋಗಿಬಿಡುತ್ತದೆ. ಯಾರಾದರೂ ಆಕಾಶ ನೋಡಿ 'ವಾರೇ' ಅಂದರೆ ಎದ್ದುಬಿಡಿ. ಮಳೆ ಅಂತ ಅರ್ಥ.

ಯಾವ ತಂಡಕ್ಕೆ ಚಪ್ಪಾಳೆ ತಟ್ಟುವುದು? ಸುಮ್ಮನೆ ಕೂತರೆ ಮಜಾ ಇಲ್ಲ, ಒಂದನ್ನು ಆರಿಸಿಕೊಳ್ಳಿ. ಈ ಲೀಗ್ 2000ದಲ್ಲಿ ಶುರುವಾದದ್ದು, ಈಗಿನ ಹೆಸರು 2015ರಿಂದ. ಗೆಲ್ಲುವವರ ಜೊತೆ ಇರಬೇಕು ಅಂದರೆ ಹಸಿರು ಅಂಗಿಯ ಮಾಝಿಯಾ. 2019-20ರಿಂದ 2023ರವರೆಗೆ ನಾಲ್ಕು ಸೀಸನ್ ಸಾಲಾಗಿ ಕಪ್ ಅವರದ್ದೇ. ನಾನು ಆರಿಸಿಕೊಂಡದ್ದು ನೀಲಿಯ ನ್ಯೂ ರೇಡಿಯಂಟ್. 1979ರ ಕ್ಲಬ್, 2005ರಲ್ಲಿ ಏಷ್ಯಾದ ಕ್ಲಬ್ಬುಗಳ ಟೂರ್ನಿ ಎಎಫ್‌ಸಿ ಕಪ್‌ನಲ್ಲಿ ಸೆಮಿಫೈನಲ್‌ವರೆಗೆ ಹೋದವರು. ನಾನು ಹೋದ ವರ್ಷ ಅವರೇ ಚಾಂಪಿಯನ್. ಎರಡು ವರ್ಷ ಆಗುವಷ್ಟರಲ್ಲಿ ಆಟಗಾರರ ಸಂಬಳ ಬಾಕಿಯ ಗಲಾಟೆಯಲ್ಲಿ ಸಿಕ್ಕಿ ಲೀಗಿನಿಂದಲೇ ಹೊರಗೆ ಬಿದ್ದರು. ನನ್ನ ಅದೃಷ್ಟ ನೋಡಿ. ಸ್ಟಾಫ್ ರೂಮಿನಲ್ಲಿ ಮಾಝಿಯಾದ ಹುಚ್ಚಿದ್ದ ಸಹೋದ್ಯೋಗಿಯೊಬ್ಬರು ತಿಂಗಳುಗಟ್ಟಲೆ ನನ್ನನ್ನು ನೋಡಿದಾಗಲೆಲ್ಲ ಬಾಯಿಗೆ ಬೆರಳಿಟ್ಟು ಶ್ ಎನ್ನುತ್ತಿದ್ದರು.

ನನಗೂ ಒಂದು ದಿನ ಬಂತು. 2021ರ ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಆಡಲು ಮಾಲೆಗೇ ಬಂದಿತ್ತು. ಅಲ್ಲಿನ ಕ್ಲಬ್ ಈಗಲ್ಸ್ ವಿರುದ್ಧ 1-0, ಜಯೇಶ್ ರಾಣೆ ಗೋಲು. ಆಮೇಲೆ 24ನೇ ತಾರೀಕು ಮಾಝಿಯಾ ವಿರುದ್ಧ 6-2! ರೂಮಿನಲ್ಲಿ ಟೀವಿ ಮುಂದೆ ಒಬ್ಬನೇ ಕುಣಿದೆ. ಮರುದಿನ ಸ್ಟಾಫ್ ರೂಮಿಗೆ ಹೋಗಿ ಏನೂ ಮಾತಾಡಲಿಲ್ಲ, ಬೋರ್ಡಿನ ಮೂಲೆಯಲ್ಲಿ ಆರು ಭಾಗಿಸು ಎರಡು ಎಂದು ಬರೆದು ಕೂತೆ. ಆದರೆ ಈ ಜಂಬವನ್ನು ಸ್ಟೇಡಿಯಮ್ಮಿನಲ್ಲಿ ಜಾಸ್ತಿ ತೋರಿಸಬೇಡಿ. 2008 ಮತ್ತು 2018, ಎರಡು ಸಲ ಸ್ಯಾಫ್ ಎಂಬ ದಕ್ಷಿಣ ಏಷ್ಯಾ ದೇಶಗಳ ಟೂರ್ನಿಯ ಫೈನಲ್ಲಿನಲ್ಲಿ ಅವರು ಭಾರತವನ್ನೇ ಸೋಲಿಸಿದ್ದಾರೆ. ನೀವು ಇಂಡಿಯಾದವರು ಎಂದು ಗೊತ್ತಾದ ಕೂಡಲೇ ಆ ಎರಡು ವರ್ಷ ಬಾಯಿಗೆ ಬರುತ್ತವೆ. ಅವರ ದೇಶದ ಸ್ಟ್ರೈಕರ್ ಅಲಿ ಅಶ್ಫಾಕ್ ಹೆಸರೆತ್ತಿ, ಮಾತು ಅರ್ಧ ಗಂಟೆ ನಡೆಯುತ್ತದೆ. 2013ರ ಸ್ಯಾಫ್ ಒಂದರಲ್ಲೇ ಹತ್ತು ಗೋಲು ಹೊಡೆದ ಮನುಷ್ಯ.

ಕೂರುವುದಾದರೆ ವಯಸ್ಸಾದವರ ಪಕ್ಕ ಕೂರಿ. ಅವರ ಜೇಬಿನಲ್ಲಿ ತೆಳ್ಳಗೆ ಹೆರೆದ ಅಡಿಕೆ, ಲವಂಗ ಇರುತ್ತದೆ, ಕೇಳದೆಯೇ ಕೊಡುತ್ತಾರೆ. ಅಡಿಕೆ ತೋಟದಲ್ಲೇ ಬೆಳೆದ ನನಗೆ ಆ ಹೋಳಿನ ತೆಳುವು ನೋಡಿ ಆಶ್ಚರ್ಯ. ಕಾಗದದ ಹಾಗೆ, ಬೆಳಕಿಗೆ ಹಿಡಿದರೆ ಒಳಗಿನ ಕಂದು ಗೆರೆಗಳು ಕಾಣುತ್ತವೆ. ಅವರ ಟೀಕೆ ಕೇಳುವುದೇ ಒಂದು ಆಟ. ಭಾಷೆ ಬರದಿದ್ದರೂ ತೊಂದರೆ ಇಲ್ಲ. ಪಾಸ್ ತಪ್ಪಿದಾಗ ತೊಡೆ ತಟ್ಟಿಕೊಳ್ಳುವ ಸದ್ದು ಎಲ್ಲ ಊರಿನಲ್ಲೂ ಒಂದೇ, ಅಲ್ವಾ? ಊರು ಚಿಕ್ಕದು, ಬೈಸಿಕೊಳ್ಳುತ್ತಿರುವ ಹುಡುಗ ಇವರಲ್ಲೇ ಯಾರದ್ದೋ ಅಕ್ಕನ ಮಗ. ಆದ್ದರಿಂದ ನೀವು ಮಾತ್ರ ಬೈಯಲು ಹೋಗಬೇಡಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಎರಡು ಮ್ಯಾಚುಗಳ ನಡುವೆ ಹೊಟೇಲಿಗೆ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ಹೆದಿಕಾ ಅನ್ನುವ ಕರಿದ ತಿಂಡಿಗಳು ಕಾಣುತ್ತವೆ. ಬಜಿಯಾ ಎಂಬುದು ಪಕ್ಕಾ ಸಮೋಸಾ ಆಕಾರ. ಹೆಸರಿನಲ್ಲೂ ನಮ್ಮ ಬಜ್ಜಿ ಕೇಳಿಸುತ್ತದೆ. ನಾನು ಹವ್ಯಕರ ಮನೆಯವನು, ಹಸಿವಲ್ಲಿ ಸೀದಾ ಕಚ್ಚಿದೆ. ಒಳಗೆ ಟ್ಯೂನಾ ಮೀನು. ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ, ಎದುರಿಗೆ ವಿದ್ಯಾರ್ಥಿಯ ಅಪ್ಪ ನಗುತ್ತಾ ನಿಂತಿದ್ದಾರೆ! ಗುಂಡಗಿರುವ ಗುಳದಲ್ಲೂ ಮೀನೇ. ಯಾವುದಕ್ಕೂ ಬೆರಳು ತೋರಿಸಿ 'ಮಸ್?' ಎಂದು ಕೇಳಿ. ಮಸ್ ಎಂದರೆ ಮೀನು. 'ನೂನ್' ಅಂದರೆ ಇಲ್ಲ, ತಿನ್ನಬಹುದು. ಹುನಿ ಹಕುರು ಫೊಳಿ ಸಿಕ್ಕರೆ ಬಿಡಬೇಡಿ, ತೆಳು ದೋಸೆಯಂಥದ್ದರಲ್ಲಿ ಕಾಯಿ-ಸಕ್ಕರೆ ಸುತ್ತಿದ್ದು. ಮೊಟ್ಟೆ ಹಾಕಿದ್ದಾರಾ ಅಂತ ಮಾತ್ರ ಕೇಳಿಕೊಳ್ಳಿ. ಜೊತೆಗೆ ಒಂದು ಕಪ್ಪು ಚಹಾ. ಅದನ್ನು ಬೇಗ ಕುಡಿದು ಮುಗಿಸಿ, ಎರಡನೇ ಮ್ಯಾಚಿಗೆ ಅಜ್ಜಂದಿರು ನಿಮ್ಮ ಸೀಟು ಹೆಚ್ಚು ಹೊತ್ತು ಕಾಯುವುದಿಲ್ಲ.