ಬ್ಲಾಗಿಗೊಂದು ಕೊಂಡಿಪಟ್ಟಿ: ಕಟ್ಟುವುದು ಹೇಗೆ, ಕಾಪಾಡುವುದು ಹೇಗೆ

ಕನ್ನಡದ ಹಳೆಯ ಬ್ಲಾಗೊಂದನ್ನು ತೆರೆದರೆ ಬಲಬದಿಯಲ್ಲಿ ‘ನಾನು ಓದುವ ಬ್ಲಾಗುಗಳು’, ‘ಗೆಳೆಯರ ತಾಣಗಳು’ ಎಂಬಂಥ ಕೊಂಡಿಗಳ (ಲಿಂಕುಗಳ) ಪಟ್ಟಿ ಕಾಣುವುದು ಮಾಮೂಲು. ಒಂದೊಂದನ್ನೇ ಒತ್ತುತ್ತ ಹೋಗಿ. ಕೆಲವು ತೆರೆಯುತ್ತವೆ, ಕೆಲವು ‘ಪುಟ ಸಿಗಲಿಲ್ಲ’ ಎನ್ನುತ್ತವೆ, ಒಂದೆರಡು ಸೀದಾ ಜೂಜಿನ ಜಾಹೀರಾತಿಗೆ ಕರೆದೊಯ್ಯುತ್ತವೆ. ಪಟ್ಟಿ ಸೇರಿಸುವುದು ಅರ್ಧ ಗಂಟೆಯ ಕೆಲಸ. ಅದು ಬೇಗ ಹಳಸದಂತೆ ಕಟ್ಟಬೇಕಾದರೆ ಮಾತ್ರ ಮೊದಲೇ ಸ್ವಲ್ಪ ಯೋಚಿಸಬೇಕು.

ಆ ಯೋಚನೆ ಇಷ್ಟೇ: ಪಟ್ಟಿಯನ್ನು ಎರಡಾಗಿ ಒಡೆಯಿರಿ. ಆಗಾಗ ಹೊಸ ಬರಹ ಬರುವ ಏಳೆಂಟು ಬ್ಲಾಗುಗಳು ಪಕ್ಕದ ಅಂಕಣದಲ್ಲಿರಲಿ. ಉಳಿದವು, ಅಂದರೆ ನಿಘಂಟು, ಸಂಗ್ರಹ, ಬರೆಯುವುದು ನಿಂತರೂ ಓದಲು ಯೋಗ್ಯವಾದ ಹಳೆಯ ಬ್ಲಾಗು ಇತ್ಯಾದಿ, ಒಂದು ಪ್ರತ್ಯೇಕ ಪುಟದಲ್ಲಿ ತಲಾ ಒಂದು ಸಾಲಿನ ವಿವರಣೆಯೊಂದಿಗೆ ಇರಲಿ. ಎಲ್ಲವನ್ನೂ ಬದಿಯಂಕಣಕ್ಕೆ ತುರುಕಿದರೆ ಯಾರೂ ಓದುವುದಿಲ್ಲ. ಬರೀ ಹೆಸರು ನೋಡಿ ಯಾವುದನ್ನು ಒತ್ತಬೇಕೆಂದು ಓದುಗರಿಗೆ ಹೇಗೆ ತಿಳಿಯಬೇಕು?

ಮೊದಲು ನೋಟ್‌ಪ್ಯಾಡಿನಲ್ಲೇ ಸಿದ್ಧತೆ

ಬ್ಲಾಗಿನ ಒಳಗೆ ಹೋಗುವ ಮೊದಲು ಒಂದು ಸಾದಾ ಕಡತದಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ತಾಣದ ಹೆಸರು, ವಿಳಾಸ, ಯಾಕೆ ಓದಬೇಕೆಂಬ ಒಂದು ಸಾಲು. ಮೂರನೆಯದನ್ನು ಬರೆಯಲು ತಡವರಿಸಿದರೆ ಆ ತಾಣವನ್ನು ಬಿಟ್ಟುಬಿಡಿ. ‘ಒಳ್ಳೆಯ ತಾಣ’, ‘ಉಪಯುಕ್ತ ಮಾಹಿತಿ’ ಎಂಬ ಮಾತು ವಿವರಣೆಯಲ್ಲ. ಕನ್ನಡ ಭಾಷೆ, ಪುಸ್ತಕಗಳ ಬಗ್ಗೆ ಬರೆಯುವವರ ಪಟ್ಟಿ ಹೀಗಿರಬಹುದು:

ಅಲರ್: ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಪದ ಟೈಪ್ ಮಾಡಿದರೆ ಸಾಕು, ಉಚಿತ.

ಭಾರತವಾಣಿ: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ತಾಣ. ಹಲವು ಭಾಷೆಗಳ ನಿಘಂಟುಗಳನ್ನು ಒಂದೇ ಕಡೆ ಹುಡುಕಬಹುದು.

ಕನ್ನಡ ವಿಕಿಸೋರ್ಸ್: ಹಕ್ಕುಸ್ವಾಮ್ಯದ ತೊಡಕಿಲ್ಲದ ಕನ್ನಡ ಪಠ್ಯಗಳು, ನಕಲಿಸಿಕೊಳ್ಳಬಹುದಾದ ಯುನಿಕೋಡ್ ರೂಪದಲ್ಲಿ.

ಇಷ್ಟು ಹೇಳಿದರೆ ಓದುಗರು ತಮಗೆ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಪುಟದಲ್ಲಿ ಇಪ್ಪತ್ತು, ಇಪ್ಪತ್ತೈದು ಕೊಂಡಿ ದಾಟಬೇಡಿ. ದಾಟಿದರೆ ಅದನ್ನು ನೋಡಿಕೊಳ್ಳುವುದು ನಿಮ್ಮಿಂದಾಗುವುದಿಲ್ಲ.

ವಿಳಾಸವನ್ನು ಶುಚಿ ಮಾಡಿ

ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲಿ. ವಿಳಾಸವನ್ನು ಎಂದೂ ಕೈಯಲ್ಲಿ ಟೈಪ್ ಮಾಡಬೇಡಿ. ತಾಣವನ್ನು ಬ್ರೌಸರಿನಲ್ಲಿ ತೆರೆದು, ಮೇಲಿನ ವಿಳಾಸಪಟ್ಟಿಯಿಂದ ನಕಲಿಸಿ. ಆಮೇಲೆ ಅದರ ಬಾಲ ನೋಡಿ.

ಫೇಸ್‌ಬುಕ್ಕಿನಿಂದ ಬಂದ ಕೊಂಡಿಯಾದರೆ ಪ್ರಶ್ನಾರ್ಥಕ ಚಿಹ್ನೆಯ ನಂತರ ‘ಎಫ್‌ಬಿಕ್ಲಿಡ್’ ಎಂದು ಶುರುವಾಗುವ ಉದ್ದನೆಯ ಅಕ್ಷರಮಾಲೆ ಇರುತ್ತದೆ. ‘ಯುಟಿಎಂ’ ಎಂದು ಶುರುವಾಗುವ ಬಾಲವೂ ಇದೇ ಜಾತಿ. ಯಾರು ಎಲ್ಲಿಂದ ಬಂದರು ಎಂದು ಲೆಕ್ಕ ಇಡಲು ಸೇರಿಸಿದ್ದು. ಪ್ರಶ್ನಾರ್ಥಕದಿಂದ ಆಚೆಗಿನದನ್ನು ಅಳಿಸಿ, ಪುಟ ತೆರೆಯುತ್ತದೆಯೇ ಎಂದು ನೋಡಿ. ತೆರೆದರೆ ಸರಿ. ಕೆಲವು ಹಳೆಯ ತಾಣಗಳಲ್ಲಿ ಬರಹದ ಸಂಖ್ಯೆಯೇ ಪ್ರಶ್ನಾರ್ಥಕದ ನಂತರ ಬರುತ್ತದೆ, ಅಲ್ಲಿ ಅಳಿಸಿದರೆ ಮುಖಪುಟಕ್ಕೆ ಹೋಗಿ ನಿಲ್ಲುತ್ತೀರಿ. ಅಂಥದ್ದನ್ನು ಹಾಗೇ ಬಿಡಿ.

ಫೋನಿನಿಂದ ನಕಲಿಸಿದ ಬ್ಲಾಗರ್ (ಗೂಗಲ್ಲಿನ ಬ್ಲಾಗ್ ಸೇವೆ) ವಿಳಾಸದ ಕೊನೆಯಲ್ಲಿ ಪ್ರಶ್ನಾರ್ಥಕ, ಎಂ, ಸಮಚಿಹ್ನೆ, 1 ಅಂಟಿಕೊಂಡಿರುತ್ತದೆ. ಅದು ಮೊಬೈಲ್ ನೋಟಕ್ಕೆ ಹಾಕಿದ ಗುರುತು. ತೆಗೆಯದಿದ್ದರೆ ಕಂಪ್ಯೂಟರಿನಲ್ಲಿ ಓದುವವರಿಗೂ ಮೊಬೈಲ್ ಪುಟವೇ ತೆರೆದುಕೊಳ್ಳುತ್ತದೆ.

ಕನ್ನಡ ಅಕ್ಷರಗಳಿರುವ ವಿಳಾಸವನ್ನು ನಕಲಿಸಿದಾಗ ಅದು ಶೇಕಡಾ ಚಿಹ್ನೆಗಳ ಸರಮಾಲೆಯಾಗಿ ಬದಲಾಗುವುದುಂಟು. ಗಾಬರಿ ಬೇಡ. ಅಕ್ಷರಗಳನ್ನು ಕಂಪ್ಯೂಟರಿಗಾಗಿ ಸಂಖ್ಯೆಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒಂದು ಬೈಟನ್ನು ವಿಳಾಸದಲ್ಲಿ ಬರೆಯಲು 3 ಅಕ್ಷರ ಬೇಕು. ‘ಪುಸ್ತಕ’ ಎಂಬ ಪದದಲ್ಲಿ ಕೊಂಬು, ಅರ್ಧಾಕ್ಷರದ ಗುರುತು ಸೇರಿ 6 ಚಿಹ್ನೆ. ವಿಳಾಸದಲ್ಲಿ ಅದು 54 ಅಕ್ಷರವಾಗಿ ಹಿಗ್ಗುತ್ತದೆ. ನೋಡಲು ಒರಟಾದರೂ ಕೆಲಸಕ್ಕೆ ಇದೇ ಭದ್ರ. ವಾಟ್ಸ್ಆ್ಯಪಿನಲ್ಲಿ ಬಂದ ಇಂಥ ವಿಳಾಸ ಮಧ್ಯೆ ತುಂಡಾಗಿರಬಹುದು, ಕೊನೆಯವರೆಗೂ ಇದೆಯೇ ಎಂದು ಒತ್ತಿ ನೋಡಿಯೇ ಸೇರಿಸಿ.

ಇನ್ನೊಂದು, ಕನ್ನಡದ ಪಟ್ಟಿಗಳನ್ನು ಸಾಕಷ್ಟು ಕೆಡಿಸಿದ್ದು: ‘ಬ್ಲಾಗ್‌ಸ್ಪಾಟ್ ಡಾಟ್ ಇನ್’. 2012ರಿಂದ ಕೆಲವು ವರ್ಷ ಭಾರತದ ಓದುಗರಿಗೆ ಬ್ಲಾಗರ್ ತಾಣಗಳು ಈ ವಿಳಾಸದಲ್ಲಿ ತೆರೆಯುತ್ತಿದ್ದವು. ಜನ ಅದನ್ನೇ ನಕಲಿಸಿ ಅಂಟಿಸಿದರು. 2020ರಲ್ಲಿ ಆ ವಿಳಾಸ ಗೂಗಲ್ಲಿನ ಕೈತಪ್ಪಿತು, ಅದನ್ನು ನೆಚ್ಚಿದ್ದ ಕೊಂಡಿಗಳೆಲ್ಲ ಮುರಿದವು. ಬ್ಲಾಗು ಸತ್ತಿದೆ ಎಂದುಕೊಂಡು ಅಳಿಸುವ ಮೊದಲು ‘ಇನ್’ ಇರುವಲ್ಲಿ ‘ಕಾಮ್’ ಹಾಕಿ ನೋಡಿ. ಬ್ಲಾಗು ಇದ್ದಲ್ಲಿಯೇ ಇರಬಹುದು.

ಬ್ಲಾಗರಿನಲ್ಲಿ

ಡ್ಯಾಶ್‌ಬೋರ್ಡಿನ ಎಡಗಡೆ ‘ಲೇಔಟ್’ ಒತ್ತಿ. ಪುಟದ ನಕ್ಷೆ ತೆರೆಯುತ್ತದೆ. ಬದಿಯಂಕಣದ ಜಾಗದಲ್ಲಿ ‘ಆ್ಯಡ್ ಎ ಗ್ಯಾಜೆಟ್’ ಒತ್ತಿದರೆ ಉದ್ದನೆಯ ಯಾದಿ. ಅದರಲ್ಲಿ ನಿಮಗೆ ಬೇಕಾದವು ಎರಡು: ‘ಬ್ಲಾಗ್ ಲಿಸ್ಟ್’ ಮತ್ತು ‘ಲಿಂಕ್ ಲಿಸ್ಟ್’. ಹೆಸರು ಹತ್ತಿರ ಹತ್ತಿರ, ಕೆಲಸ ಬೇರೆ.

‘ಬ್ಲಾಗ್ ಲಿಸ್ಟ್’ ಪ್ರತಿ ತಾಣದ ಫೀಡನ್ನು (ಹೊಸ ಬರಹಗಳ ವಿವರವನ್ನು ಬೇರೆ ತಾಣಗಳು ತಾವಾಗಿ ಓದಲೆಂದು ಇಟ್ಟ ಕಡತ) ಓದಿ, ಅಲ್ಲಿನ ಇತ್ತೀಚಿನ ಬರಹದ ಶೀರ್ಷಿಕೆಯನ್ನು ತಾನೇ ತೋರಿಸುತ್ತದೆ. ಶೀರ್ಷಿಕೆ ಬರೆದು, ವಿಳಾಸಗಳನ್ನು ಒಂದೊಂದಾಗಿ ಸೇರಿಸಿ. ವಿಂಗಡಣೆಗೆ ‘ಇತ್ತೀಚೆಗೆ ಬದಲಾದದ್ದು ಮೊದಲು’ ಎಂಬ ಆಯ್ಕೆ ಇರಲಿ. ಏನೇನು ತೋರಿಸಬೇಕೆಂಬ ಕಡೆ ಇತ್ತೀಚಿನ ಬರಹದ ಶೀರ್ಷಿಕೆ ಮತ್ತು ದಿನಾಂಕ ಸಾಕು. ಬರಹದ ತುಣುಕು, ಚಿಕ್ಕ ಚಿತ್ರ ಎರಡನ್ನೂ ಗುರುತು ಹಾಕಿದರೆ ಅಂಕಣ ಮಾರುದ್ದವಾಗಿ ನಿಮ್ಮ ಬರಹವನ್ನೇ ಮರೆಸುತ್ತದೆ.

ಇಲ್ಲೊಂದು ತೊಡಕು ಗೊತ್ತಿರಲಿ. ಹೊಸದು ಮೊದಲು ಎಂದು ಇಟ್ಟು, ಹತ್ತನ್ನಷ್ಟೇ ತೋರಿಸು ಎಂದರೆ, ಬರೆಯುವುದು ನಿಂತ ಬ್ಲಾಗುಗಳು ಜಾರುತ್ತ ಜಾರುತ್ತ ಕಣ್ಮರೆಯಾಗುತ್ತವೆ. ಕನ್ನಡದಲ್ಲಿ ಒಳ್ಳೆಯ ಸರಕಿರುವ ಎಷ್ಟೋ ಬ್ಲಾಗುಗಳು ಹೀಗೆ ಮೌನವಾಗಿವೆ. ಅವುಗಳಿಗೆ ‘ಲಿಂಕ್ ಲಿಸ್ಟ್’ ಅಥವಾ ಪ್ರತ್ಯೇಕ ಪುಟವೇ ಸೂಕ್ತ. ‘ಲಿಂಕ್ ಲಿಸ್ಟ್’ ಫೀಡ್ ಓದುವುದಿಲ್ಲ. ಹೆಸರು, ವಿಳಾಸ ಕೊಟ್ಟರೆ ಹಾಗೇ ಹಾಕುತ್ತದೆ. ಇದರಲ್ಲಿ ಅಕಾರಾದಿ ವಿಂಗಡಣೆ ಆರಿಸಬೇಡಿ. ಕನ್ನಡ, ಇಂಗ್ಲಿಷ್ ಹೆಸರುಗಳು ಬೆರೆತಿದ್ದರೆ ಎರಡು ಗುಂಪಾಗಿ ಒಡೆಯುತ್ತವೆ. ನಿಮಗೆ ಮುಖ್ಯವೆನಿಸಿದ ಕ್ರಮದಲ್ಲಿ ನೀವೇ ಜೋಡಿಸಿ.

ಒಂದು ಬ್ಲಾಗಿನ ಹೆಸರು ಬಂದು ಹೊಸ ಬರಹದ ಶೀರ್ಷಿಕೆ ಬಾರದಿದ್ದರೆ ತಪ್ಪು ನಿಮ್ಮದಾಗಿರಲಿಕ್ಕಿಲ್ಲ. ಆ ಬ್ಲಾಗಿನವರು ಸೆಟ್ಟಿಂಗ್ಸ್‌ನಲ್ಲಿ ‘ಸೈಟ್ ಫೀಡ್’ ಅನ್ನು ‘ನನ್’ ಎಂದು ಇಟ್ಟಿರಬಹುದು. ಪರೀಕ್ಷಿಸಲು ಅವರ ವಿಳಾಸದ ಕೊನೆಗೆ ಓರೆಗೆರೆಗಳೊಂದಿಗೆ ಇಂಗ್ಲಿಷಿನಲ್ಲಿ ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’ (/feeds/posts/default) ಎಂದು ಸೇರಿಸಿ ತೆರೆಯಿರಿ. ವರ್ಡ್‌ಪ್ರೆಸ್ ತಾಣವಾದರೆ ಬರೀ ‘ಫೀಡ್’ ಸಾಕು. ಬರಹಗಳ ಪಠ್ಯ ಕಂಡರೆ ಫೀಡ್ ಇದೆ ಎಂದರ್ಥ.

ಗ್ಯಾಜೆಟ್ ಕಿಟಕಿಯಲ್ಲಿ ‘ಸೇವ್’ ಒತ್ತಿದ ಮೇಲೆ ಬ್ಲಾಗನ್ನು ಫೋನಿನಲ್ಲೂ ತೆರೆದು ನೋಡಿ. 2017ರಲ್ಲಿ ಬಂದ ಕಾಂಟೆಂಪೊ, ಸೋಹೊ ಮೊದಲಾದ ವಿನ್ಯಾಸಗಳಲ್ಲಿ ಬದಿಯಂಕಣ ಮೂರು ಗೆರೆಯ ಗುರುತಿನ ಹಿಂದೆ ಅವಿತಿರುತ್ತದೆ. ಅದಕ್ಕಿಂತ ಹಳೆಯ ವಿನ್ಯಾಸಗಳ ಮೊಬೈಲ್ ನೋಟದಲ್ಲಿ ಇಂಥ ಗ್ಯಾಜೆಟ್‌ಗಳು ತಾವಾಗಿ ಕಾಣುವುದೇ ಇಲ್ಲ. ಓದುವವರು ಬಹುಪಾಲು ಫೋನಿನಲ್ಲಿದ್ದರೆ ಅವರ ಮಟ್ಟಿಗೆ ನಿಮ್ಮ ಪಟ್ಟಿ ಇಲ್ಲದಂತೆಯೇ. ಪ್ರತ್ಯೇಕ ಪುಟ ಬೇಕೆನ್ನುವುದಕ್ಕೆ ಇದು ಇನ್ನೂ ದೊಡ್ಡ ಕಾರಣ.

ಪುಟಕ್ಕೆ ‘ಪೇಜಸ್’ಗೆ ಹೋಗಿ ‘ನ್ಯೂ ಪೇಜ್’ ಒತ್ತಿ. ನೋಟ್‌ಪ್ಯಾಡಿನಲ್ಲಿ ಬರೆದದ್ದನ್ನು ಅಂಟಿಸಿ. ತಾಣದ ಹೆಸರನ್ನಷ್ಟೇ ಆಯ್ದು, ಕಂಟ್ರೋಲ್ ಮತ್ತು ಕೆ ಒತ್ತಿ ವಿಳಾಸ ಕೊಡಿ. ‘ಇಲ್ಲಿ ಕ್ಲಿಕ್ ಮಾಡಿ’ ಎಂಬ ಪದಗಳಿಗೆ ಕೊಂಡಿ ಹಾಕಬೇಡಿ. ದೃಷ್ಟಿಹೀನರ ಸ್ಕ್ರೀನ್ ರೀಡರ್ ಕೊಂಡಿಗಳನ್ನಷ್ಟೇ ಓದಿ ಹೇಳುವಾಗ ಇಪ್ಪತ್ತು ಸಲ ‘ಇಲ್ಲಿ ಕ್ಲಿಕ್ ಮಾಡಿ’ ಎಂದೇ ಕೇಳಿಸುತ್ತದೆ. ಪುಟ ಪ್ರಕಟಿಸಿದ ಮೇಲೆ ಲೇಔಟಿಗೆ ಮರಳಿ, ‘ಪೇಜಸ್’ ಗ್ಯಾಜೆಟ್‌ನಲ್ಲಿ ಅದಕ್ಕೆ ಗುರುತು ಹಾಕಬೇಕು. ಇದನ್ನು ಮರೆತರೆ ಪುಟ ಇದ್ದೂ ಯಾರಿಗೂ ಸಿಗದು.

ವರ್ಡ್‌ಪ್ರೆಸ್ಸಿನಲ್ಲಿ

ಹಳೆಯ ಕೈಪಿಡಿಗಳು ‘ಲಿಂಕ್ಸ್’ ಎಂಬ ಮೆನುಗೆ ಹೋಗಿ ಎನ್ನುತ್ತವೆ. ನಿಮ್ಮಲ್ಲಿ ಅದು ಕಾಣುವುದಿಲ್ಲ. 2012ರ ಡಿಸೆಂಬರಿನಲ್ಲಿ ಬಂದ 3.5ನೇ ಆವೃತ್ತಿಯಿಂದ ಹೊಸದಾಗಿ ಸ್ಥಾಪಿಸುವವರಿಗೆ ಅದನ್ನು ಮರೆಮಾಡಲಾಗಿದೆ. ‘ಲಿಂಕ್ ಮ್ಯಾನೇಜರ್’ ಪ್ಲಗಿನ್ ಹಾಕಿ ಮರಳಿ ತರಬಹುದು, ಆದರೆ ಇಪ್ಪತ್ತು ಕೊಂಡಿಗೆ ಪ್ಲಗಿನ್ ಯಾಕೆ? ಹೊಸ ಪುಟ ತೆರೆದು ‘ಲಿಸ್ಟ್’ ಬ್ಲಾಕಿನಲ್ಲಿ ಬರೆಯಿರಿ, ಕೊಂಡಿಗೆ ಅದೇ ಕಂಟ್ರೋಲ್-ಕೆ. ಒಂದು ಎಚ್ಚರ: ಖಾಲಿ ಸಾಲಿನಲ್ಲಿ ಬರೀ ವಿಳಾಸ ಅಂಟಿಸಿದರೆ ವರ್ಡ್‌ಪ್ರೆಸ್ ಅದನ್ನು ದೊಡ್ಡ ಚೌಕವಾಗಿ ಹುದುಗಿಸಲು ಹೋಗುತ್ತದೆ. ಮೊದಲು ಹೆಸರು ಬರೆದು, ಅದನ್ನು ಆಯ್ದುಕೊಂಡು, ಅದರ ಮೇಲೆ ವಿಳಾಸ ಅಂಟಿಸಿ.

ಬದಿಯಂಕಣಕ್ಕೆ ಬೇಕಿದ್ದರೆ ‘ಅಪಿಯರೆನ್ಸ್’ ಅಡಿಯ ‘ವಿಜೆಟ್ಸ್’. ಬ್ಲಾಕ್ ಥೀಮ್ ಇದ್ದವರಿಗೆ ಅಲ್ಲಿ ‘ಎಡಿಟರ್’ ಇರುತ್ತದೆ. ಒಂದೇ ತಾಣದ ಹೊಸ ಬರಹಗಳನ್ನು ತೋರಿಸಲು ‘ಆರೆಸ್ಸೆಸ್’ (ಫೀಡಿನ ಒಂದು ಬಗೆ) ಬ್ಲಾಕ್ ಇದೆ. ಅವರು ಬರೆದ ಕೂಡಲೇ ನಿಮ್ಮಲ್ಲಿ ಕಾಣಲಿಲ್ಲವೆಂದು ಬ್ಲಾಕನ್ನು ಅಳಿಸಿ ಮತ್ತೆ ಹಾಕುತ್ತ ಕೂರಬೇಡಿ. ವರ್ಡ್‌ಪ್ರೆಸ್ ಫೀಡನ್ನು ಒಮ್ಮೆ ತಂದರೆ ಸಾಮಾನ್ಯವಾಗಿ 12 ಗಂಟೆ ಇಟ್ಟುಕೊಳ್ಳುತ್ತದೆ.

ಕೊಂಡಿ ಯಾಕೆ ಮುರಿಯುತ್ತದೆ

ಸೇರಿಸಿದ ದಿನವೇ ಮುರಿಯುವ ಕೊಂಡಿಗೆ ಎರಡು ಕಾರಣ ಮತ್ತೆ ಮತ್ತೆ ಕಾಣುತ್ತವೆ. ಒಂದು, ವಿಳಾಸದ ಮೊದಲಿನ ‘ಎಚ್‌ಟಿಟಿಪಿಎಸ್’ ಭಾಗ ಬಿಟ್ಟುಹೋಗಿರುವುದು. ಆಗ ಬ್ರೌಸರ್ ಅದನ್ನು ನಿಮ್ಮದೇ ಬ್ಲಾಗಿನ ಒಳಪುಟ ಎಂದುಕೊಳ್ಳುತ್ತದೆ; ನಿಮ್ಮ ವಿಳಾಸದ ಕೊನೆಗೆ ಅವರ ವಿಳಾಸ ಜೋಡಿಸಿ ‘404’, ಅಂದರೆ ‘ಪುಟ ಸಿಗಲಿಲ್ಲ’ ಎಂದು ತೋರಿಸುತ್ತದೆ. ಎರಡು, ಎಚ್‌ಟಿಎಂಎಲ್ ನೋಟದಲ್ಲಿ ವರ್ಡ್‌ನಿಂದಲೋ ವಾಟ್ಸ್ಆ್ಯಪಿನಿಂದಲೋ ಅಂಟಿಸಿದಾಗ ಬರುವ ಬಾಗಿದ ಉದ್ಧರಣ ಚಿಹ್ನೆ. ಕೋಡಿಗೆ ಬೇಕಾದದ್ದು ಕೀಬೋರ್ಡಿನ ನೆಟ್ಟಗಿನ ಚಿಹ್ನೆ. ಬಾಗಿದ್ದನ್ನು ಅಳಿಸಿ ಅಲ್ಲೇ ಟೈಪ್ ಮಾಡಿ.

‘ಈ ಕೋಡ್ ಅಂಟಿಸಿದರೆ ನಮ್ಮ ಸುಂದರ ಪಟ್ಟಿ ನಿಮ್ಮ ಬ್ಲಾಗಿನಲ್ಲಿ’ ಎನ್ನುವ ತಾಣಗಳ ಸಹವಾಸ ಬೇಡವೇ ಬೇಡ. ಆ ಕೋಡು ಅವರ ಸರ್ವರಿನಿಂದ ಪ್ರತಿಸಲ ಸ್ಕ್ರಿಪ್ಟ್ ತರಿಸಿಕೊಳ್ಳುತ್ತದೆ. ನಾಳೆ ಆ ತಾಣ ಬೇರೆಯವರ ಪಾಲಾದರೆ ಅವರು ಕಳಿಸಿದ್ದೆಲ್ಲ ನಿಮ್ಮ ಓದುಗರ ಪರದೆಯ ಮೇಲೆ ಓಡುತ್ತದೆ.

ದುಡ್ಡು ಕೊಟ್ಟು ಕೊಂಡಿ ಹಾಕಿಸುವವರ ಮಿಂಚಂಚೆಯೂ ಬಂದೀತು. ಒಪ್ಪಿದರೆ ಆ ಕೊಂಡಿಯ ಕೋಡಿನಲ್ಲಿ ‘ಸ್ಪಾನ್ಸರ್ಡ್’ ಅಥವಾ ‘ನೋಫಾಲೋ’ ಗುರುತು ಹಾಕಬೇಕೆಂಬುದು ಗೂಗಲ್ ನಿಯಮ. ಶಿಫಾರಸಿನ ಪಟ್ಟಿಯೊಳಗೆ ಮಾತ್ರ ಅದನ್ನು ಬೆರೆಸಬೇಡಿ, ಬೇರೆ ಜಾಗದಲ್ಲಿ ಜಾಹೀರಾತು ಎಂದೇ ಹಾಕಿ.

ಆರು ತಿಂಗಳಿಗೊಮ್ಮೆ ಪರೀಕ್ಷೆ

ಜಾಲತಾಣಗಳ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಉಚಿತ ಕೊಂಡಿ ಪರೀಕ್ಷಕಕ್ಕೆ ನಿಮ್ಮ ಪುಟದ ವಿಳಾಸ ಕೊಟ್ಟರೆ ಸತ್ತ ಕೊಂಡಿಗಳನ್ನು ತೋರಿಸುತ್ತದೆ. ಆದರೆ ಯಂತ್ರಕ್ಕೆ ಸಿಗದ ಕಾಯಿಲೆಯೊಂದಿದೆ. ಡಾಟ್ ಕಾಮ್‌ನಂಥ ವಿಳಾಸದ ಶುಲ್ಕ ಕಟ್ಟುವುದು ನಿಂತರೆ, ಗರಿಷ್ಠ 45 ದಿನದ ವಾಯಿದೆ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಅಳಿಸುವ ಮುನ್ನ 5 ದಿನ. ಅಲ್ಲಿಗೆ ಮುಗಿಯಿತು, ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಕೊಂಡಿಗಳಿಂದ ಜನ ಬರುತ್ತಾರೆಂಬ ಆಸೆಗೆ ಜೂಜಿನ ಜಾಹೀರಾತಿನವರು ಹಿಡಿದುಕೊಳ್ಳುತ್ತಾರೆ. ಪುಟ ಸರಿಯಾಗಿ ತೆರೆಯುವುದರಿಂದ ಪರೀಕ್ಷಕ ‘ಸರಿ ಇದೆ’ ಎಂದೇ ಹೇಳುತ್ತದೆ. ಹಾಗಾಗಿ ಕೈಯಾರೆ ಒತ್ತಿ ನೋಡುವುದನ್ನು ಬಿಡುವಂತಿಲ್ಲ. ಇಪ್ಪತ್ತೈದರ ಮಿತಿ ಹೇಳಿದ್ದು ಅದಕ್ಕೇ.

ಒಳ್ಳೆಯ ತಾಣವೊಂದು ಹೀಗೆ ಹೋಗಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಅದರ ಹಳೆಯ ವಿಳಾಸ ಹಾಕಿ ಹುಡುಕಿ. ಪ್ರತಿ ಸಿಕ್ಕರೆ ಆ ಪ್ರತಿಗೇ ಕೊಂಡಿ ಕೊಟ್ಟು, ಪಕ್ಕದಲ್ಲಿ ‘ಸಂಗ್ರಹ ಪ್ರತಿ’ ಎಂದು ಬರೆಯಿರಿ. ಮೌನವಾಗಿರುವ ಬ್ಲಾಗುಗಳ ಮುಖ್ಯ ಬರಹಗಳನ್ನು ಅಲ್ಲಿನ ‘ಸೇವ್ ಪೇಜ್ ನೌ’ ಬಳಸಿ ಈಗಲೇ ಉಳಿಸಿಡಬಹುದು. ಪಟ್ಟಿಯ ಕೊನೆಯಲ್ಲಿ ನೀವು ಕೊನೆಯ ಸಲ ಪರೀಕ್ಷಿಸಿದ ತಿಂಗಳು, ವರ್ಷ ನಮೂದಿಸಿ.

ನೀವೂ ಯಾರದೋ ಪಟ್ಟಿಯಲ್ಲಿದ್ದೀರಿ ಎಂಬುದು ನೆನಪಿರಲಿ. ಬ್ಲಾಗರಿಗೆ ಸ್ವಂತ ಡೊಮೇನ್ ಜೋಡಿಸಿದರೆ ಹಳೆಯ ಬ್ಲಾಗ್‌ಸ್ಪಾಟ್ ವಿಳಾಸದಿಂದ ಬಂದವರು ಹೊಸದಕ್ಕೆ ತಾವಾಗಿ ತಲುಪುತ್ತಾರೆ. ಬ್ಲಾಗ್‌ಸ್ಪಾಟ್ ಹೆಸರನ್ನೇ ಬದಲಿಸಿದರೆ ಆ ಸೌಲಭ್ಯವಿಲ್ಲ, ಬಿಟ್ಟ ಹೆಸರನ್ನು ಬೇರೆಯವರು ತೆಗೆದುಕೊಳ್ಳಬಹುದು. ಬದಲಿಸಲೇಬೇಕಿದ್ದರೆ ಬಿಟ್ಟ ಹೆಸರಿನಲ್ಲಿ ಕೂಡಲೇ ಇನ್ನೊಂದು ಬ್ಲಾಗು ತೆರೆದು, ಹೊಸ ವಿಳಾಸ ತಿಳಿಸುವ ಒಂದೇ ಒಂದು ಬರಹ ಹಾಕಿಡಿ.